ಮಾರುತಿ 800ರ 796 ಸಿಸಿ ಎಂಜಿನ್: ಇಂದಿನ ಬೆಂಗಳೂರಿನಲ್ಲಿ ಅದರ ಬಲ ಮತ್ತು ಬಾಳಿಕೆ

ಬೆಂಗಳೂರಿನ ಮಳಿಗೆಗಳಲ್ಲಿ ಹೊಸ ಮಾರುತಿ 800 ಸಿಗುವುದು ನಿಂತದ್ದು 2010ರ ಏಪ್ರಿಲ್‌ನಲ್ಲಿ. ಭಾರತ್ ಸ್ಟೇಜ್ 4 ಮಾಲಿನ್ಯ ನಿಯಮ ಮೊದಲು ಜಾರಿಗೆ ಬಂದ ಹದಿಮೂರು ನಗರಗಳಲ್ಲಿ ನಮ್ಮದೂ ಒಂದಾಗಿತ್ತು, ಮತ್ತು ಆ ಮಟ್ಟಕ್ಕೆ ಈ ಕಾರಿನ ಎಂಜಿನನ್ನು ಏರಿಸದಿರಲು ಕಂಪನಿ ತೀರ್ಮಾನಿಸಿತ್ತು. ಹಾಗಾಗಿ ಇಲ್ಲಿಯೇ ನೋಂದಣಿಯಾದ ಅತಿ ಹೊಸ 800ಕ್ಕೂ ಈಗ ಹದಿನೈದು ವರ್ಷ ತುಂಬಿದೆ. ಆದರೂ ಬಸವನಗುಡಿಯ ಅಡ್ಡರಸ್ತೆಗಳಲ್ಲಿ, ರಾಜಾಜಿನಗರದ ಮನೆಗಳ ಮುಂದೆ ಈ ಕಾರು ಇನ್ನೂ ನಿಂತಿರುತ್ತದೆ. ಡ್ರೈವಿಂಗ್ ಕಲಿಯುವವರು, ಎರಡನೆಯ ಕಾರು ಬೇಕೆನ್ನುವವರು, ಚಿಕ್ಕ ಜಾಗದಲ್ಲಿ ನಿಲ್ಲಿಸಬೇಕಾದ ಹಿರಿಯರು ಇದನ್ನು ಈಗಲೂ ವಿಚಾರಿಸುತ್ತಾರೆ. ಅವರೆಲ್ಲರ ಪ್ರಶ್ನೆ ಒಂದೇ: ಇಷ್ಟು ಹಳೆಯ ಎಂಜಿನನ್ನು ನಂಬಬಹುದೇ? ನಮ್ಮ ಮನೆಯಲ್ಲಿ ಇರುವುದು ಎಂಪಿಎಫ್‌ಐ ಮಾದರಿಯ 800, ಅಂದರೆ ಕಂಪ್ಯೂಟರಿನ ಅಳತೆಯಂತೆ ಪೆಟ್ರೋಲ್ ಸಿಂಪಡಿಸುವಂಥದು. ಅದಕ್ಕೂ ಮೊದಲು ಕಾರ್ಬ್ಯುರೇಟರ್ ಇದ್ದ 800 ಇತ್ತು. ಎರಡನ್ನೂ ಈ ನಗರದಲ್ಲೇ ಓಡಿಸಿದ, ಎರಡರ ದುರಸ್ತಿಯನ್ನೂ ಪಕ್ಕದಲ್ಲಿ ನಿಂತು ನೋಡಿದ ಆಧಾರದ ಮೇಲೆ ಹೇಳುವುದಾದರೆ, ನಂಬಬಹುದು. ಈ ಎಂಜಿನ್ ಸವೆದು ಕೆಡುವುದು ತೀರ ಅಪರೂಪ. ಕೆಟ್ಟ ಎಂಜಿನುಗಳ ಇತಿಹಾಸ ಕೆದಕಿದರೆ ಸಾಮಾನ್ಯವಾಗಿ ಸಿಗುವ ಕಾರಣ ಒಂದೇ, ಅತಿಯಾದ ಬಿಸಿ. ಆ ಬಿಸಿಯನ್ನು ತಡೆಯುವ ಕೆಲಸ ಮಾಲೀಕರ ಕೈಯಲ್ಲೇ ಇದೆ.

ಈ ಎಂಜಿನಿನ ಹೆಸರು ಎಫ್8ಬಿ. ಸುಜುಕಿ ಕಂಪನಿಯ ಎಫ್ ಸರಣಿಗೆ ಸೇರಿದ್ದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ ಕಾರಿನ ಕೀಲಿಯನ್ನು ಕೊಟ್ಟಾಗ ಅದರ ಬಾನೆಟ್ಟಿನ ಕೆಳಗೆ ಇದ್ದದ್ದು ಇದೇ ಎಂಜಿನ್. 1986ರಲ್ಲಿ ಕಾರಿನ ಮೈಕಟ್ಟು ಬದಲಾಯಿತು, ಎಂಜಿನ್ ಮುಂದುವರಿಯಿತು. 2014ರ ಜನವರಿಯಲ್ಲಿ ಉತ್ಪಾದನೆ ಕೊನೆಗೊಳ್ಳುವವರೆಗೂ, ಇಂಧನ ಪೂರೈಕೆಯ ವ್ಯವಸ್ಥೆ ಬದಲಾದದ್ದನ್ನು ಬಿಟ್ಟರೆ, ಮೂಲ ಎಂಜಿನ್ ಅದೇ ಆಗಿ ಉಳಿದಿತ್ತು. ಒಂದೇ ಸಾಲಿನಲ್ಲಿ ಮೂರು ಸಿಲಿಂಡರ್. ಪ್ರತಿ ಸಿಲಿಂಡರಿಗೆ ಎರಡರಂತೆ ಆರು ವಾಲ್ವ್. ಸಿಲಿಂಡರುಗಳ ಮೇಲ್ಭಾಗದಲ್ಲಿ ವಾಲ್ವ್‌ಗಳನ್ನು ತೆರೆಯುವ ಒಂದೇ ಕ್ಯಾಮ್‌ಶಾಫ್ಟ್, ಅದನ್ನು ತಿರುಗಿಸಲು ಟೈಮಿಂಗ್ ಬೆಲ್ಟ್. ಸಿಲಿಂಡರಿನ ವ್ಯಾಸ 68.5 ಮಿಲಿಮೀಟರ್, ಪಿಸ್ಟನ್ ಚಲಿಸುವ ಉದ್ದ 72 ಮಿಲಿಮೀಟರ್, ಒಟ್ಟು ಗಾತ್ರ 796 ಸಿಸಿ. ಕಾರ್ಬ್ಯುರೇಟರ್ ಮಾದರಿಯಲ್ಲಿ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬುದು, 8.7ಕ್ಕೆ 1. ಎಂಪಿಎಫ್‌ಐ ಮಾದರಿ ನಿಮಿಷಕ್ಕೆ 5000 ಸುತ್ತಿನಲ್ಲಿ 37 ಅಶ್ವಶಕ್ತಿಯನ್ನೂ 2500 ಸುತ್ತಿನಲ್ಲಿ 59 ನ್ಯೂಟನ್ ಮೀಟರ್ ಟಾರ್ಕನ್ನೂ (ತಿರುಗಿಸುವ ಬಲ) ಕೊಡುತ್ತದೆ. ಗೇರು ನಾಲ್ಕು. ಕಾರಿನ ತೂಕ ಸುಮಾರು 650 ಕಿಲೋ, ಪೆಟ್ರೋಲ್ ಟ್ಯಾಂಕು 28 ಲೀಟರಿನದು.

37 ಅಶ್ವಶಕ್ತಿ ಎಂದ ಕೂಡಲೇ ಇಂದಿನ ಓದುಗರಿಗೆ ಇದು ಎಳೆಯಲಾರದ ಎಂಜಿನ್ ಎನ್ನಿಸಬಹುದು. ಆದರೆ ಬೆಂಗಳೂರಿನಲ್ಲಿ ಕಾರು ಓಡಿಸುವವರು ನೋಡಬೇಕಾದ ಅಂಕಿ ಅದಲ್ಲ. 2500 ಸುತ್ತಿನಲ್ಲಿ 59 ನ್ಯೂಟನ್ ಮೀಟರ್ ಎಂಬ ಎರಡನೆಯ ಅಂಕಿ. ಪಿಸ್ಟನ್ ಚಲಿಸುವ ಉದ್ದವು ಸಿಲಿಂಡರಿನ ವ್ಯಾಸಕ್ಕಿಂತ ಹೆಚ್ಚಿರುವುದು, ಪ್ರತಿ ಸಿಲಿಂಡರಿಗೆ ಎರಡೇ ವಾಲ್ವ್ ಇದ್ದು ಕಡಿಮೆ ವೇಗದಲ್ಲೂ ಗಾಳಿ ಬಿರುಸಾಗಿ ಒಳಬರುವುದು, ಕಾರು ಹಗುರವಾಗಿರುವುದು, ಈ ಮೂರೂ ಸೇರಿ ಎಂಜಿನ್ ತನ್ನ ಪೂರ್ತಿ ಎಳೆತವನ್ನು ನಾವು ಹೆಚ್ಚು ಹೊತ್ತು ಕಳೆಯುವ ವೇಗದಲ್ಲೇ ಕೊಡುತ್ತದೆ. ಸಿಲ್ಕ್ ಬೋರ್ಡ್ ಬಳಿಯಾಗಲಿ, ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಾಗಲಿ, ಮುಂದಿನ ವಾಹನ ನಾಲ್ಕು ಮಾರು ಸರಿದಾಗ ಎರಡನೆಯ ಗೇರಿನಲ್ಲೇ, ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿ, ಜರ್ಕ್ ಇಲ್ಲದೆ ಮುಂದೆ ಹೋಗಬಹುದು. ಇದಕ್ಕಿಂತ ಎಷ್ಟೋ ಹೆಚ್ಚು ಅಶ್ವಶಕ್ತಿಯ ಕೆಲವು ಚಿಕ್ಕ ಕಾರುಗಳಲ್ಲಿ ಅದೇ ಜಾಗದಲ್ಲಿ ಮೊದಲ ಗೇರಿಗೆ ಇಳಿಯಬೇಕಾಗುತ್ತದೆ. ಕಲಿಯುವವರಿಗೆ ಈ ಕಾರು ಹಿತವಾಗಿರುವುದಕ್ಕೆ ಮುಖ್ಯ ಕಾರಣ ಇದೇ ಎಂದು ನಾನು ತಿಳಿದಿದ್ದೇನೆ. ಕ್ಲಚ್ ಬಿಡುವಾಗ ಸ್ವಲ್ಪ ಆಚೀಚೆಯಾದರೂ ಎಂಜಿನ್ ಸುಲಭವಾಗಿ ಬಂದ್ ಆಗುವುದಿಲ್ಲ.

ಹೆದ್ದಾರಿಯಲ್ಲಿ ಈ ಗುಣವೇ ಅದರ ಮಿತಿಯೂ ಆಗುತ್ತದೆ. ತುಮಕೂರು ರಸ್ತೆಯಲ್ಲಿ ಗಂಟೆಗೆ 70 ಕಿಲೋಮೀಟರಿನವರೆಗೆ ಅದು ನೆಮ್ಮದಿಯಿಂದ ಸಾಗುತ್ತದೆ, 80 ದಾಟಿದ ಮೇಲೆ ಐದನೆಯ ಗೇರು ಇಲ್ಲದ ಕೊರತೆ ಕಿವಿಗೇ ಗೊತ್ತಾಗುತ್ತದೆ. ಎಸಿ ಹಾಕಿಕೊಂಡು ನಾಲ್ಕು ಜನ ಕುಳಿತರೆ ಏರಿನಲ್ಲಿ ಹಿಂದಿನವರಿಗೆ ದಾರಿ ಬಿಡಲೇಬೇಕು. ನಂದಿಬೆಟ್ಟದ ತಿರುವುಗಳಲ್ಲಿ ಎಸಿ ಆರಿಸುವುದು ಸೌಜನ್ಯದ ಜೊತೆಗೆ ಎಂಜಿನಿನ ಆರೋಗ್ಯಕ್ಕೂ ಒಳ್ಳೆಯದು.

ಬೆಂಗಳೂರಿಗೆ ವಿಶೇಷವಾದ ಇನ್ನೊಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ನಮ್ಮ ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಚೆನ್ನೈ ಅಥವಾ ಮಂಗಳೂರಿನ ಗಾಳಿಗಿಂತ ನೂರಕ್ಕೆ ಎಂಟರಷ್ಟು ತೆಳುವಾಗಿರುತ್ತದೆ. ಟರ್ಬೊ ಇಲ್ಲದ ಯಾವುದೇ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಬಲವನ್ನು ಕಳೆದುಕೊಳ್ಳುತ್ತದೆ. ಕಾಗದದ ಮೇಲಿನ 37 ಅಶ್ವಶಕ್ತಿ ಇಲ್ಲಿ 34ರ ಆಸುಪಾಸಿಗೆ ಇಳಿಯುತ್ತದೆ. ಎಂಪಿಎಫ್‌ಐ ಮಾದರಿಯಲ್ಲಿ ಗಾಳಿಯ ಒತ್ತಡವನ್ನು ಅಳೆಯುವ ಸೆನ್ಸರ್ ಇರುವುದರಿಂದ ಪೆಟ್ರೋಲ್ ತಾನೇ ಕಡಿಮೆಯಾಗಿ ಬೀಳುತ್ತದೆ. ಕಾರ್ಬ್ಯುರೇಟರಿಗೆ ಆ ಅರಿವಿಲ್ಲ. ಕರಾವಳಿಯಲ್ಲಿ ಟ್ಯೂನ್ ಮಾಡಿಸಿದ ಹಳೆಯ 800 ಇಲ್ಲಿಗೆ ಬಂದಾಗ ಪೆಟ್ರೋಲ್ ಸ್ವಲ್ಪ ಹೆಚ್ಚು ಕುಡಿಯುತ್ತದೆ, ಪ್ಲಗ್ಗುಗಳು ಕಪ್ಪಾಗುತ್ತವೆ. ಬೇರೆ ಜಿಲ್ಲೆಯ ನೋಂದಣಿ ಸಂಖ್ಯೆ ಇರುವ ಕಾರ್ಬ್ಯುರೇಟರ್ ಕಾರನ್ನು ಕೊಂಡವರು ಮೊದಲ ವಾರದಲ್ಲೇ ಇಲ್ಲಿನ ಮೆಕ್ಯಾನಿಕ್ ಒಬ್ಬರಿಂದ ಟ್ಯೂನಿಂಗ್ ಮಾಡಿಸಿಕೊಳ್ಳುವುದು ಒಳ್ಳೆಯದು.

ಇದೇ 796 ಸಿಸಿಯಲ್ಲಿ ಇನ್ನೊಂದು ಎಂಜಿನ್ ಇದೆ, ಎಫ್8ಡಿ. ವ್ಯಾಸ, ಉದ್ದ ಅವೇ. ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್, ಸುಮಾರು 46 ಅಶ್ವಶಕ್ತಿ, ಐದು ಗೇರು. 2000ದಲ್ಲಿ ಬಂದ ಆಲ್ಟೊದಲ್ಲಿ ಇದ್ದದ್ದು ಅದು. ಕೆಲವು ಕಾಲ 800ರ ಒಂದು ಮಾದರಿಗೂ ಅದನ್ನು ಅಳವಡಿಸಿದ್ದರು. ಅಂಥ ಐದು ಗೇರಿನ 800 ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದರೆ ಹೆದ್ದಾರಿಗೆ ಹೆಚ್ಚಾಗಿ ಹೋಗುವವರು ಅದನ್ನೇ ಆರಿಸಬಹುದು. ಅದರ ಗರಿಷ್ಠ ಟಾರ್ಕ್ 62 ನ್ಯೂಟನ್ ಮೀಟರ್ ಮಾತ್ರ, ಅದೂ 3000 ಸುತ್ತಿಗೆ ಬರುತ್ತದೆ. ಆದ್ದರಿಂದ ನಗರದ ಒಳಗೆ ಎರಡರ ನಡುವೆ ದೊಡ್ಡ ಅಂತರ ಕಾಣುವುದಿಲ್ಲ. ಅದೇ ಕಾಲದ ಜೆನ್ ಕಾರಿನ 993 ಸಿಸಿ ಎಂಜಿನ್ ಇವೆರಡಕ್ಕಿಂತ ಬೇರೆಯದೇ ಸ್ವಭಾವದ್ದು. ನಾಲ್ಕು ಸಿಲಿಂಡರ್, 72 ಮಿಲಿಮೀಟರ್ ವ್ಯಾಸಕ್ಕೆ 61 ಮಿಲಿಮೀಟರ್ ಉದ್ದ, ಬ್ಲಾಕ್ ಕೂಡ ಅಲ್ಯೂಮಿನಿಯಂ. ಸುತ್ತು ಏರಿದಷ್ಟೂ ಹುಮ್ಮಸ್ಸಿನಿಂದ ಓಡುವ ಸೊಗಸಾದ ಎಂಜಿನ್ ಅದು. ಓಡಿಸುವ ಸಂತೋಷಕ್ಕೆ ನಾನು ಅದನ್ನೇ ಮೆಚ್ಚುತ್ತೇನೆ. ಆದರೆ ಇಂದಿನ ನಮ್ಮ ರಸ್ತೆಗಳ ಸರಾಸರಿ ವೇಗದಲ್ಲಿ ಆ ಹುಮ್ಮಸ್ಸಿಗೆ ಎಡೆಯಿಲ್ಲ.

ಮೂರು ಸಿಲಿಂಡರಿನ ನಡುಕದ ಬಗ್ಗೆ ದೂರುವವರು ಬಹಳ. ಇಂಥ ಎಂಜಿನಿನಲ್ಲಿ ಪಿಸ್ಟನ್ನುಗಳ ಮೇಲೆ ಕೆಳಗಿನ ಚಲನೆ ಒಂದಕ್ಕೊಂದು ಸರಿದೂಗುತ್ತದಾದರೂ, ಒಂದು ತುದಿ ಏಳುವಾಗ ಇನ್ನೊಂದು ತುದಿ ಇಳಿಯುವ ತೂಗಾಟ ಉಳಿದೇ ಉಳಿಯುತ್ತದೆ. ಅದನ್ನು ನುಂಗಿಕೊಳ್ಳುವ ಹೊಣೆ ಎಂಜಿನ್ ಮೌಂಟಿಂಗಿನ ರಬ್ಬರುಗಳದು. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟಿಯರಿಂಗ್, ಗೇರು ಲಿವರ್, ಕನ್ನಡಿ ಎಲ್ಲವೂ ನಡುಗುತ್ತಿದ್ದರೆ ಎಂಜಿನ್ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಹೆಚ್ಚಿನ ಸಲ ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರುಗಳನ್ನು ಬದಲಾಯಿಸಿದರೆ ನಡುಕ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅದಾದ ಮೇಲೂ ಒಂದೇ ಲಯದಲ್ಲಿ ಮುಗ್ಗರಿಸುತ್ತಿದ್ದರೆ ಮೂರರಲ್ಲಿ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಇದ್ದ ಮಾದರಿಯಾದರೆ ಅದರ ಕ್ಯಾಪ್, ಈ ಕ್ರಮದಲ್ಲಿ ನೋಡಿಸಬೇಕು. ಮಳೆಗಾಲದ ಬೆಳಗ್ಗೆ ಮಾತ್ರ ಈ ತೊಂದರೆ ಕಾಣುತ್ತಿದ್ದರೆ ಕ್ಯಾಪಿನೊಳಗೆ ತೇವ ಸೇರಿರುವುದೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು.

ಇನ್ನು ಬಾಳಿಕೆಯ ವಿಷಯ. ಈ ಎಂಜಿನ್ ಇಷ್ಟು ವರ್ಷ ಬಾಳುವುದಕ್ಕೆ ಅದೃಷ್ಟ ಕಾರಣವಲ್ಲ, ಲೆಕ್ಕ ಕಾರಣ. ಗಾತ್ರಕ್ಕೆ ತಕ್ಕಂತೆ ನೋಡಿದರೆ ಒಂದು ಲೀಟರಿಗೆ ಸುಮಾರು 46 ಅಶ್ವಶಕ್ತಿ ಮಾತ್ರ ಇದರಿಂದ ತೆಗೆಯಲಾಗಿದೆ; 2010ರಲ್ಲಿ ಬಂದ ಆಲ್ಟೊ ಕೆ10ರ 998 ಸಿಸಿ ಎಂಜಿನಿನಲ್ಲಿ ಅದು 67ರ ಹತ್ತಿರವಿದೆ. ಗರಿಷ್ಠ ಬಲ ಬರುವ 5000 ಸುತ್ತಿನಲ್ಲೂ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12 ಮೀಟರ್ ಅಷ್ಟೇ, ನಗರದ ಓಡಾಟದಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಬೇರಿಂಗುಗಳ ಮೇಲೆ, ರಿಂಗುಗಳ ಮೇಲೆ ಬೀಳುವ ಭಾರ ಹಾಗೆ ಹಗುರವಾಗಿರುತ್ತದೆ. ಬ್ಲಾಕ್ ಎರಕದ ಕಬ್ಬಿಣದ್ದಾಗಿರುವುದರಿಂದ ಸಿಲಿಂಡರ್ ಸವೆದರೂ ಲೇತಿನಲ್ಲಿ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸಿದರೆ ಎಂಜಿನ್ ಮತ್ತೊಂದು ಆಯುಷ್ಯ ಪಡೆಯುತ್ತದೆ. ಟ್ಯಾಪೆಟ್ಟುಗಳ (ವಾಲ್ವನ್ನು ಒತ್ತುವ ಭಾಗಗಳ) ಸಂದನ್ನು ಫೀಲರ್ ಗೇಜ್ ಇಟ್ಟು ಅಳೆದು, ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಬಾನೆಟ್ ತೆರೆದರೆ ಪ್ಲಗ್, ಆಯಿಲ್ ಫಿಲ್ಟರ್, ಆಲ್ಟರ್ನೇಟರ್ ಎಲ್ಲವೂ ಕೈಗೆ ಎಟುಕುತ್ತವೆ. ಕೈಗೆ ಎಟುಕುವ ಭಾಗವನ್ನು ಜನ ಸಮಯಕ್ಕೆ ಬದಲಾಯಿಸುತ್ತಾರೆ, ಎಟುಕದ್ದನ್ನು ಮುಂದೂಡುತ್ತಾರೆ; ವಿಶ್ವಾಸಾರ್ಹತೆಯ ಮಾತು ಬಂದಾಗ ಈ ಅಂಶಕ್ಕೆ ಸಲ್ಲಬೇಕಾದ ಬೆಲೆಯನ್ನು ನಾವು ಕೊಡುವುದಿಲ್ಲ.

ಅದರ ದುರ್ಬಲ ಜಾಗ ಸಿಲಿಂಡರ್ ಹೆಡ್, ಅಂದರೆ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಭಾಗ. ಬ್ಲಾಕ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಒಂದೇ ಪ್ರಮಾಣದ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಉಷ್ಣತೆ ಮಿತಿಯೊಳಗಿರುವಾಗ ನಡುವಿನ ಗ್ಯಾಸ್ಕೆಟ್ ಈ ವ್ಯತ್ಯಾಸವನ್ನು ತಾಳಿಕೊಳ್ಳುತ್ತದೆ. ನೀರು ಖಾಲಿಯಾಗಿ ಅಥವಾ ಫ್ಯಾನ್ ತಿರುಗದೆ ಬಿಸಿ ಮೇರೆ ಮೀರಿದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ನೀರು ಆಯಿಲಿಗೆ ಇಳಿಯುತ್ತದೆ. ವಿಲ್ಸನ್ ಗಾರ್ಡನ್ನಿನ ಹಿರಿಯ ಮೆಕ್ಯಾನಿಕ್ ಒಬ್ಬರು ನಮಗೆ ಹೇಳಿದ ಮಾತು ಇದು: “ಸಾರ್, ಈ ಗಾಡಿ ಎಷ್ಟು ಬೇಕಾದ್ರೂ ಓಡಿಸಿ. ಆದ್ರೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋದ್ರೆ ಮನೆವರೆಗೂ ಹೋಗ್ಬಿಡೋಣ ಅಂತ ಮಾತ್ರ ಹೋಗ್ಬೇಡಿ. ಅಲ್ಲೇ ಸೈಡಿಗೆ ಹಾಕಿ.” ಹೆಡ್ಡನ್ನು ಒಮ್ಮೆ ಪ್ಲೇನಿಂಗ್ ಮಾಡಿಸಿ ಸಮತಟ್ಟು ಮಾಡಬಹುದು, ಎರಡು ಮೂರು ಸಲ ಹಾಗೆ ತೆಗೆದ ಹೆಡ್ಡಿನ ಮೇಲೆ ಭರವಸೆಯಿಡಲಾಗದು. ಹಳೆಯ 800 ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಕಿಲೋಮೀಟರ್ ಓಡಿದೆ ಎನ್ನುವುದಲ್ಲ, ಹೆಡ್ ಎಷ್ಟು ಸಲ ಬಿಚ್ಚಿದ್ದಾರೆ ಎನ್ನುವುದು.

ಬಿಸಿ ಏರುವುದಕ್ಕೆ ಬೆಂಗಳೂರಿನಲ್ಲಿ ಒಂದು ಸ್ಥಳೀಯ ಕಾರಣವಿದೆ: ಬೋರ್‌ವೆಲ್ ನೀರು. ಕಾವೇರಿ ಸಂಪರ್ಕ ತಡವಾಗಿ ಬಂದ ಬಡಾವಣೆಗಳಲ್ಲಿ ಮನೆಯ ನಲ್ಲಿಯಲ್ಲಿ ಬರುವುದು ಗಡಸು ನೀರು. ಗೀಸರಿನ ಕಾಯಿಲಿನ ಮೇಲೆ ಕೂರುವ ಬಿಳಿ ಪೊರೆ ಎಲ್ಲರಿಗೂ ಗೊತ್ತಿರುವುದೇ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಬ್ಲಾಕಿನ ನೀರಿನ ದಾರಿಗಳಲ್ಲೂ ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ನೋಡಲು ಎಲ್ಲ ಸರಿಯಾಗಿಯೇ ಇರುತ್ತದೆ, ನೀರೂ ತುಂಬಿರುತ್ತದೆ, ಆದರೆ ಎಂಜಿನಿನ ಬಿಸಿಯು ನೀರಿಗೆ ಸರಿಯಾಗಿ ದಾಟುವುದೇ ಇಲ್ಲ. ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿದ ಕೂಲಂಟನ್ನೇ ಹಾಕಬೇಕು, ಒಂದು ಬಾಟಲಿ ಡಿಕ್ಕಿಯಲ್ಲಿ ಇಟ್ಟಿರಬೇಕು. ಕೂಲಂಟ್ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತು, ನಮ್ಮ ಹವೆಗೆ ಅದೇಕೆ ಎನ್ನುವವರಿದ್ದಾರೆ. ಅದು ತುಕ್ಕನ್ನು ತಡೆಯುತ್ತದೆ, ನೀರು ಕುದಿಯುವ ಬಿಂದುವನ್ನು ಏರಿಸುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಎರಡೂ ಒಂದೇ ನೀರಿನಲ್ಲಿ ನೆನೆಯುವ ಈ ಎಂಜಿನಿಗೆ ಅದು ಬೇಕೇ ಬೇಕು.

ಇನ್ನೊಂದು ಕೆಟ್ಟ ರೂಢಿಯನ್ನು ಸ್ಪಷ್ಟವಾಗಿ ಖಂಡಿಸಬೇಕಾಗಿದೆ. ಕಾರು ಬಿಸಿಯಾಗುತ್ತಿದೆ ಎಂದು ಹೋದರೆ ಕೆಲವು ಕಡೆ ಥರ್ಮೋಸ್ಟಾಟನ್ನು, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಭಾಗವನ್ನು, ಕಿತ್ತು ಎಸೆದು, ಫ್ಯಾನಿಗೆ ನೇರ ಸಂಪರ್ಕ ಕೊಟ್ಟು, ಸರಿಯಾಯಿತೆಂದು ಕಳುಹಿಸುತ್ತಾರೆ. ನಮ್ಮ ಎಂಪಿಎಫ್‌ಐ ಕಾರಿಗೂ ಒಂದು ಗ್ಯಾರೇಜಿನಲ್ಲಿ ಹೀಗೆ ಮಾಡಿದ್ದರು. ನಮಗೆ ತಿಳಿಸಿಯೂ ಇರಲಿಲ್ಲ. ಆಮೇಲೆ ಮುಳ್ಳು ಮೇಲೇಳಲೇ ಇಲ್ಲ, ಆದರೆ ಮೈಲೇಜ್ ಕುಸಿಯಿತು, ಆಯಿಲ್ ಬೇಗ ಕಪ್ಪಾಗತೊಡಗಿತು. ಕಾರಣ ಸರಳ. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಕೆಲಸದ ಉಷ್ಣತೆಗೆ ಬರುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ, ರಿಂಗು ಸವೆಯುತ್ತದೆ. ಬೆಂಗಳೂರಿನ ತಂಪು ಬೆಳಗಿನಲ್ಲಿ, ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ, ಈ ಹಾನಿ ಇನ್ನೂ ಹೆಚ್ಚು. ಹೊಸ ಥರ್ಮೋಸ್ಟಾಟ್ ಹಾಕಿಸಿ, ರೇಡಿಯೇಟರನ್ನು ಬಿಚ್ಚಿ ಶುಚಿಮಾಡಿಸಿದ ಮೇಲೆ ಮೈಲೇಜೂ ಮರಳಿತು, ಮುಳ್ಳೂ ನಡುವಿನಲ್ಲಿ ನಿಲ್ಲುವಂತಾಯಿತು. ನಗರದಲ್ಲಿ ಸರಾಸರಿ 15, ಮೈಸೂರು ರಸ್ತೆಯಲ್ಲಿ ಸಮವೇಗದಲ್ಲಿ ಹೋದರೆ 20ರ ಆಸುಪಾಸು ಕಿಲೋಮೀಟರ್ ಬರುತ್ತಿದ್ದರೆ ಎಂಜಿನ್ ಆರೋಗ್ಯವಾಗಿದೆ ಎಂದು ತಿಳಿಯಬಹುದು.

ಆಯಿಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಈ ಎಂಜಿನಿಗೆ ಬೇಕಾಗುವುದು ಮೂರು ಲೀಟರಿಗಿಂತ ಕಡಿಮೆ. ಅಷ್ಟು ಕಡಿಮೆ ಆಯಿಲ್ ಅಷ್ಟೆಲ್ಲ ಕೆಲಸ ಮಾಡುವುದರಿಂದ ಅರ್ಧ ಲೀಟರ್ ಕಡಿಮೆಯಾದರೂ ಅದು ದೊಡ್ಡ ಪಾಲು. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ತೆಗೆದು ನೋಡುವುದು ಅಗತ್ಯ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಣಗಿ ಆಯಿಲ್ ಜಿನುಗುವುದು ಈ ವಯಸ್ಸಿನ ಎಂಜಿನುಗಳಲ್ಲಿ ಸಾಮಾನ್ಯ ಮತ್ತು ನಿರುಪದ್ರವಿ. ಮುಂಭಾಗದ ಆಯಿಲ್ ಸೀಲ್ ಸೋರುವುದು ಹಾಗಲ್ಲ, ಏಕೆಂದರೆ ಅದು ಟೈಮಿಂಗ್ ಬೆಲ್ಟಿಗೆ ತಗಲುತ್ತದೆ, ಆಯಿಲ್ ಹೀರಿದ ಬೆಲ್ಟ್ ಬೇಗ ಹಾಳಾಗುತ್ತದೆ. ಈ ಬೆಲ್ಟ್ ಹರಿಯುವ ಮೊದಲು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹರಿದ ಕ್ಷಣದಲ್ಲಿ ಕಾರು ಇದ್ದಲ್ಲೇ ನಿಲ್ಲುತ್ತದೆ. ಮಾರುವವರು ಬಿಲ್ ಇಲ್ಲದೆ ಬಾಯಿಮಾತಿನಲ್ಲಿ “ಹೋದ ವರ್ಷ ಹಾಕಿಸಿದ್ದೇವೆ” ಎಂದರೆ, ಹಾಕಿಸಿಲ್ಲವೆಂದೇ ತಿಳಿದು ಕಾರು ಕೊಂಡ ವಾರವೇ ಬೆಲ್ಟನ್ನೂ ಅದನ್ನು ಬಿಗಿಯಾಗಿಡುವ ಟೆನ್ಷನರನ್ನೂ ಬದಲಾಯಿಸಬೇಕು. ಹಳೆಯ ಬೆಲ್ಟಿಗೆ ಹೊಸ ಟೆನ್ಷನರ್, ಅಥವಾ ಹೊಸ ಬೆಲ್ಟಿಗೆ ಹಳೆಯ ಟೆನ್ಷನರ್, ಎರಡೂ ಅರ್ಧ ಕೆಲಸವೇ.

ಕಾರ್ಬ್ಯುರೇಟರೋ ಎಂಪಿಎಫ್‌ಐಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ಎಂಪಿಎಫ್‌ಐ, ಅನುಮಾನವಿಲ್ಲದೆ. ಕಾರ್ಬ್ಯುರೇಟರಿನದು ರಸ್ತೆಬದಿಯಲ್ಲೇ ಬಿಚ್ಚಿ ಸರಿಮಾಡಬಹುದಾದ ಯಂತ್ರ ಎಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಈಗ ಅದನ್ನು ಬಿಚ್ಚಿ ಸರಿಯಾಗಿ ಜೋಡಿಸಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಹೊಸ ತಲೆಮಾರಿನ ಹುಡುಗರು ಸ್ಕ್ಯಾನರ್ ನೋಡಿ ಕೆಲಸ ಕಲಿತವರು. ಚೋಕ್ ಎಳೆದು ಎಬ್ಬಿಸುವುದು, ಜೆಟ್ಟಿನಲ್ಲಿ ಕಸ ಸೇರಿ ಐಡಲಿಂಗ್ ನಿಲ್ಲದಿರುವುದು, ಕ್ಯಾಮ್‌ಶಾಫ್ಟಿನಿಂದ ನಡೆಯುವ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿಯುವುದು, ಇವೆಲ್ಲ ದಿನನಿತ್ಯ ಕಾರು ಬೇಕಾದವರಿಗೆ ತಲೆನೋವಿನ ಬಾಬತ್ತು. ಮಾಲಿನ್ಯ ತಪಾಸಣೆಯಲ್ಲಿ ಮಾತ್ರ ಹಳೆಯದಕ್ಕೆ ರಿಯಾಯಿತಿ ಇದೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ನೂರಕ್ಕೆ 3ರವರೆಗೆ ಇರಬಹುದು. ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಆ ಮಿತಿ 0.5. ಎಂಪಿಎಫ್‌ಐ 800 ಈ ಪರೀಕ್ಷೆಯಲ್ಲಿ ಸೋತರೆ ಆಕ್ಸಿಜನ್ ಸೆನ್ಸರ್ ಅಥವಾ ಸೈಲೆನ್ಸರಿನಲ್ಲಿ ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹಳೆಯ ಕಾರುಗಳಲ್ಲಿ ಕನ್ವರ್ಟರನ್ನು ತೆಗೆದು ಖಾಲಿ ಪೈಪು ಹಾಕಿರುವುದನ್ನೂ ಕಂಡಿದ್ದೇನೆ. ಕೊಳ್ಳುವ ಮೊದಲೇ ಕಾರನ್ನು ಎತ್ತಿಸಿ ನೋಡಬೇಕು.

ಈಗಿನ ಪೆಟ್ರೋಲಿನ ವಿಚಾರವನ್ನು ಬಿಡುವಂತಿಲ್ಲ. ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲನ್ನು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಇಂದು ಪಂಪುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಬಹುಮಟ್ಟಿಗೆ ಅದೇ. ಈ ಎಂಜಿನ್ ಅದಕ್ಕಾಗಿ ರೂಪುಗೊಂಡದ್ದಲ್ಲ. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ, ಆದ್ದರಿಂದ ಮಿಶ್ರಣದ ಪ್ರತಿ ಲೀಟರಿನಲ್ಲಿ ನೂರಕ್ಕೆ ಆರೇಳರಷ್ಟು ಶಕ್ತಿ ಇಳಿಯುತ್ತದೆ. ಎಂಪಿಎಫ್‌ಐ ಎಂಜಿನ್ ಆಕ್ಸಿಜನ್ ಸೆನ್ಸರಿನ ಸಹಾಯದಿಂದ ಒಂದು ಮಟ್ಟಿಗೆ ಹೊಂದಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಮತ್ತೆ ಟ್ಯೂನಿಂಗ್ ಬೇಕು. ಅದಕ್ಕಿಂತ ಗಂಭೀರವಾದದ್ದು ರಬ್ಬರಿನ ಪ್ರಶ್ನೆ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನಲ್ಲಿ ತುಕ್ಕು ತರಿಸುತ್ತದೆ. ಪೆಟ್ರೋಲ್ ಹೋಸುಗಳನ್ನು ಎಥೆನಾಲ್ ತಾಳುವ ಹೊಸ ಹೋಸುಗಳಿಗೆ ಬದಲಾಯಿಸುವುದು ಸಣ್ಣ ಖರ್ಚು. ಬಿಸಿ ಎಂಜಿನಿನ ಪಕ್ಕದಲ್ಲಿ ಪೆಟ್ರೋಲ್ ಸೋರುವ ಅಪಾಯವನ್ನು ನೆನೆದರೆ ಅದನ್ನು ಮುಂದೂಡಬಾರದು. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ಹೆಚ್ಚಿನ ಬೆಲೆಯ ಪ್ರೀಮಿಯಂ ಪೆಟ್ರೋಲಿನಿಂದ ಈ ಎಂಜಿನಿಗೆ ಲಾಭವಿಲ್ಲ; ಇಷ್ಟು ಕಡಿಮೆ ಕಂಪ್ರೆಷನ್ನಿಗೆ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಸಾಕು.

ಬಿಡಿಭಾಗಗಳ ಮಟ್ಟಿಗೆ ಬೆಂಗಳೂರಿನವರು ಪುಣ್ಯವಂತರು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಗ್ಯಾಸ್ಕೆಟ್ ಸೆಟ್‌ನಿಂದ ಪಿಸ್ಟನ್ ರಿಂಗಿನವರೆಗೆ ಕೇಳಿದ್ದು ಸಿಗುತ್ತದೆ. ಅಲ್ಲಿ ಸಿಗದ ಬ್ರಾಕೆಟ್ಟು, ಕವರುಗಳಿಗೆ ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಇದೇ ಎಂಜಿನನ್ನು ಓಮ್ನಿಯಲ್ಲಿ 2019ರವರೆಗೆ ಬಳಸಿದ್ದರಿಂದ ಒಳಭಾಗಗಳ ಪೂರೈಕೆ ಇನ್ನೂ ಬತ್ತಿಲ್ಲ. ಪಾಕಿಸ್ತಾನದಲ್ಲೂ ಮೆಹ್ರಾನ್ ಎಂಬ ಹೆಸರಿನಲ್ಲಿ ಇದೇ ಎಂಜಿನಿನ ಕಾರು 1989ರಿಂದ 2019ರವರೆಗೆ ತಯಾರಾಗುತ್ತಿತ್ತು. ಮೂವತ್ತು ವರ್ಷ ಒಂದೇ ವಿನ್ಯಾಸ ನಡೆದುಬಂದದ್ದೇ ಅದರ ಗಟ್ಟಿತನಕ್ಕೆ ಸಾಕ್ಷಿ. ಸುಲಭವಾಗಿ ಸಿಗುತ್ತದೆ ಎಂಬುದರ ಇನ್ನೊಂದು ಮುಖ ಡೂಪ್ಲಿಕೇಟ್ ಮಾಲು. ಲೈಟು, ಕನ್ನಡಿ, ಹಿಡಿಕೆಗಳಲ್ಲಿ ಡೂಪ್ಲಿಕೇಟ್ ನಡೆದೀತು. ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಥರ್ಮೋಸ್ಟಾಟ್ ಈ ನಾಲ್ಕನ್ನು ಅಸಲಿಯೇ ಕೊಳ್ಳಬೇಕು, ಬಿಲ್ ಪಡೆಯಬೇಕು. ಇವುಗಳಲ್ಲಿ ಉಳಿಸಿದ ಹಣ ಹೆಡ್ ಬಿಚ್ಚುವ ಕೂಲಿಗೂ ಸಾಲದು.

ಕಾಗದಪತ್ರದ ಲೆಕ್ಕವೂ ಎಂಜಿನಿನ ಲೆಕ್ಕದೊಳಗೇ ಬರುತ್ತದೆ. ಹದಿನೈದು ವರ್ಷ ತುಂಬಿದ ಕಾರಿಗೆ ಆರ್‌ಟಿಒ ತಪಾಸಣೆಯ ನಂತರ ಐದು ವರ್ಷಕ್ಕೆ ನೋಂದಣಿ ನವೀಕರಿಸಲಾಗುತ್ತದೆ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ನವೀಕರಣ ಈಗಾಗಲೇ ಆಗಿರುವ ಕಾರಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡುವುದು ನ್ಯಾಯವೇ.

ನೋಡಲು ಹೋಗುವವರು ಬೆಳಗ್ಗೆ ಹೋಗಬೇಕು, ಎಂಜಿನನ್ನು ಮೊದಲೇ ಸ್ಟಾರ್ಟ್ ಮಾಡಿ ಬಿಸಿಮಾಡಿಡಬೇಡಿ ಎಂದು ಮಾಲೀಕರಿಗೆ ಮುಂಚಿತವಾಗಿ ಹೇಳಿರಬೇಕು. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆರೆದು ನೀರಿನ ಬಣ್ಣ ನೋಡಿ: ತುಕ್ಕಿನ ಕೆಂಪೋ ಎಣ್ಣೆಯ ಜಿಡ್ಡೋ ಕಂಡರೆ ಅಲ್ಲಿಗೇ ಬಿಡಿ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನ ಕಾಫಿ ಬಣ್ಣದ ಕೆನೆ ಇದ್ದರೆ ನೀರು ಆಯಿಲಿಗೆ ಸೇರಿರುವ ಸಂಶಯ ಬಲವಾಗುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಒಂದು ಗಳಿಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲುಗಳಷ್ಟೇ ಗಟ್ಟಿಯಾಗಿವೆ, ಬೆಲೆಯಲ್ಲಿ ಇಳಿಸಿಕೊಂಡು ಕೊಳ್ಳಬಹುದು. ಬಿಸಿಯಾದ ಮೇಲೂ ರೇಸ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬಂದರೆ ರಿಂಗು ಸವೆದಿದೆ. ಮೂರೂ ಸಿಲಿಂಡರುಗಳ ಕಂಪ್ರೆಷನ್ ಅಳೆಸಿದಾಗ ಅಂಕಿಗಳು ಒಂದಕ್ಕೊಂದು ಹತ್ತಿರವಿರಬೇಕು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಕಡಿಮೆಯಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಕೊನೆಗೆ ಎಂಜಿನನ್ನು ಐಡಲಿಂಗಿನಲ್ಲಿ ಬಿಟ್ಟು, ಎಸಿ ಆರಿಸಿ, ರೇಡಿಯೇಟರಿನ ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವುದನ್ನು ಕಾದು ನೋಡಿ. ಕೀಲಿ ತಿರುಗಿಸಿದ ಕ್ಷಣದಿಂದಲೇ ಫ್ಯಾನ್ ಓಡುತ್ತಿದ್ದರೆ, ಥರ್ಮೋಸ್ಟಾಟ್ ಎಲ್ಲಿ ಹೋಯಿತೆಂದು ಮಾಲೀಕರನ್ನು ಕೇಳಿ.